ಲಾವಕ್ಕಿ ಸಣ್ಣದು, ಅದರ ನೋವು ಸಣ್ಣದಲ್ಲ

ಎತ್ತಿನ ಕಾಲಿಗೆ ಪೆಟ್ಟಾದರೆ ಓಣಿಯ ಮಂದಿಯೆಲ್ಲ ಸೇರುತ್ತಾರೆ. ಆಡು ಮೇವು ಬಿಟ್ಟರೆ ಡಾಕ್ಟರಿಗೆ ಫೋನ್ ಹೋಗುತ್ತದೆ. ಮನೆಯಲ್ಲಿ ಸಾಕಿದ ಲಾವಕ್ಕಿಗೆ ಗಾಯವಾದರೆ ಮಾತ್ರ ಸಿಗುವ ಸಲಹೆ ಒಂದೇ: ‘ಕೊಯ್ದು ಬಿಡ್ರಿ, ಮತ್ತೊಂದು ತಂದರಾತು.’ ಕಳ್ಳಕವಟಗಿಯಿಂದ ತಿಕೋಟಾ, ಬಬಲೇಶ್ವರದವರೆಗೆ ಯಾವ ಊರಿಗೆ ಹೋದರೂ ಈ ಮಾತು ಹೊಸದಲ್ಲ. ನಾವು ಇದನ್ನು ಒಪ್ಪುವುದಿಲ್ಲ.

ಲೆಕ್ಕ ನಮಗೂ ಗೊತ್ತು. ಹಕ್ಕಿಯ ಬೆಲೆಗಿಂತ ತಾಲ್ಲೂಕಿಗೆ ಹೋಗಿ ಬರುವ ಖರ್ಚೇ ಜಾಸ್ತಿ. ಆದರೆ ಬೂದಿ ಬಳಿಯುವುದು ಬಿಟ್ಟು ಗಾಯ ತೊಳೆಯುವುದಕ್ಕೆ ಖರ್ಚೇನೂ ಇಲ್ಲ. ಇದನ್ನು ಕಲಿತ ಮನೆಯವರು ನಾಳೆ ನಾಯಿ ಕಚ್ಚಿದ ಜವಾರಿ ಕೋಳಿಯನ್ನೂ ಉಳಿಸಿಕೊಳ್ಳುತ್ತಾರೆ. ಕೋಳಿ, ಮೊಟ್ಟೆಯ ದುಡ್ಡು ಬಹಳ ಮನೆಗಳಲ್ಲಿ ಅವ್ವನ ಕೈಯ ದುಡ್ಡು. ಆದ್ದರಿಂದ ಇದು ಬರೀ ಮಕ್ಕಳ ಹಟದ ಮಾತಲ್ಲ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಸಾಕಲು ಮಾರುವುದು ಜಪಾನಿ ಲಾವಕ್ಕಿ. ಕೆಲವರು ಇದಕ್ಕೆ ಕೌಜುಗ ಅಂತಲೂ ಅನ್ನುತ್ತಾರೆ. 1974ರಲ್ಲಿ ಉತ್ತರ ಪ್ರದೇಶದ ಇಜ್ಜತ್‌ನಗರದ ಸಂಶೋಧನಾ ಕೇಂದ್ರಕ್ಕೆ ತಂದ ತಳಿ ಇದು. ನಮ್ಮ ಜೋಳದ ಹೊಲದಲ್ಲಿ, ಕುರುಚಲಲ್ಲಿ ಕಾಲ ಬುಡದಿಂದ ಬುರ್ರನೆ ಏಳುವ ಲಾವಕ್ಕಿ ಬೇರೆ. ಅದು ಕಾಡುಹಕ್ಕಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ. ಉರುಲು ಹಾಕಿ ಹಿಡಿಯುವುದು, ಗೂಡಿನಲ್ಲಿ ಸಾಕುವುದು ಎರಡೂ ಅಪರಾಧ. ಕೊಯ್ಲಿನಲ್ಲಿ ಗಾಯಗೊಂಡದ್ದು ಸಿಕ್ಕರೆ ಡಬ್ಬಿಯಲ್ಲಿ ಸುರಕ್ಷಿತವಾಗಿಟ್ಟು ಅರಣ್ಯ ಇಲಾಖೆಯವರಿಗೆ ತಿಳಿಸಿ.

ಇನ್ನು ಸಾಕಿದ ಹಕ್ಕಿಯ ವಿಷಯ. ಬೆದರಿದ ಲಾವಕ್ಕಿ ಕೋಳಿಯಂತೆ ಓಡುವುದಿಲ್ಲ, ನೇರ ಮೇಲಕ್ಕೆ ಜಿಗಿಯುತ್ತದೆ. ಗೂಡಿನ ಜಾಳಿಗೆ ಬಡಿದು ನೆತ್ತಿ ಸುಲಿಯುತ್ತದೆ. ಕಾಲಿಗೆ ದಾರ, ಕೂದಲು ಸುತ್ತಿಕೊಂಡು ಬಾವು ಬರುತ್ತದೆ. ರಕ್ತ ಕಂಡರೆ ಜೊತೆಯ ಹಕ್ಕಿಗಳೇ ಕುಕ್ಕುತ್ತವೆ. ಆದ್ದರಿಂದ ಗಾಯವಾದ ಹಕ್ಕಿಯನ್ನು ಮೊದಲು ಬೇರೆ ಮಾಡಿ. ಗಾಳಿಗೆ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಮೆತ್ತನೆ ಬಟ್ಟೆ ಹಾಸಿ, ಸದ್ದಿಲ್ಲದ ಮಬ್ಬು ಮೂಲೆಯಲ್ಲಿಡಿ. ಮೇಲಿಂದ ಮೇಲೆ ತೆಗೆದು ನೋಡಬೇಡಿ. ಹೆದರಿಕೆಯಿಂದಲೇ ಸಾಯುವ ಹಕ್ಕಿಗಳು ಕಡಿಮೆ ಇಲ್ಲ.

ರಕ್ತ ಸೋರುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಎರಡು ಮೂರು ನಿಮಿಷ ಹಗುರಾಗಿ ಒತ್ತಿ ಹಿಡಿಯಿರಿ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಒಂದು ಟೀ ಚಮಚ ಉಪ್ಪು ಹಾಕಿ, ಅದರಿಂದ ಗಾಯ ತೊಳೆಯಿರಿ. ಪೊವಿಡೋನ್ ಅಯೋಡಿನ್ ಇದ್ದರೆ ನೀರು ಬೆರೆಸಿ ತೆಳು ಚಹಾದ ಬಣ್ಣಕ್ಕೆ ತಂದು ಹಚ್ಚಬಹುದು. ನೊಣ ಕೂರದಂತೆ ನೋಡಿಕೊಳ್ಳಿ, ಹುಳ ಬಿದ್ದರೆ ಉಳಿಸುವುದು ಕಷ್ಟ.

ಪೆಟ್ಟಾದ ಹಕ್ಕಿಯನ್ನು ಬೆಚ್ಚಗಿಡಬೇಕು ಎನ್ನುತ್ತಾರೆ. ಚಳಿಗಾಲದ ರಾತ್ರಿಗೆ ಅದು ಸರಿ. ಎಲ್‌ಇಡಿ ಬಲ್ಬ್ ಕಾವು ಕೊಡುವುದಿಲ್ಲ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಡಬ್ಬಿಯ ಒಂದು ಬದಿಗಿಡಿ. ಬೇಕೆಂದರೆ ಅದು ಹತ್ತಿರ ಹೋಗುತ್ತದೆ, ಬೇಡವೆಂದರೆ ದೂರ ಸರಿಯುತ್ತದೆ. ಆದರೆ ನಮ್ಮ ವಿಜಯಪುರದ ಏಪ್ರಿಲ್ ಬಿಸಿಲಲ್ಲಿ, ತಗಡಿನ ಮನೆಯೊಳಗೆ, ಹೆಚ್ಚಿನ ಕಾವೇ ಹಕ್ಕಿಯನ್ನು ಕೊಲ್ಲುತ್ತದೆ. ಕೊಕ್ಕು ತೆರೆದು ತೇಕುತ್ತಿದ್ದರೆ ತಂಪು ನೆರಳಿಗೆ ಒಯ್ಯಿರಿ.

ನೀರನ್ನು ಬಾಯಿಗೆ ಸುರಿಯಬೇಡಿ, ಉಸಿರಿನ ನಾಳಕ್ಕೆ ಹೋಗುತ್ತದೆ. ಆಳವಿಲ್ಲದ ತಟ್ಟೆಯಲ್ಲಿಡಿ, ತಾನೇ ಕುಡಿಯಲಿ. ಜೋಳ, ಸಜ್ಜೆಯ ನುಚ್ಚು, ಬೇಯಿಸಿದ ಮೊಟ್ಟೆಯ ಪುಡಿ ಸಾಕು. ಗಾಯಕ್ಕೆ ಎಣ್ಣೆ, ಸುಣ್ಣ, ತಂಬಾಕು, ಸೀಮೆಎಣ್ಣೆ ಬೇಡ. ಮನುಷ್ಯರ ನೋವಿನ ಗುಳಿಗೆಯಂತೂ ಬೇಡವೇ ಬೇಡ. ಡೈಕ್ಲೋಫೆನಾಕ್ ಎಂಬ ಒಂದೇ ನೋವಿನ ಔಷಧ, ಅದನ್ನು ಕೊಟ್ಟ ದನಗಳ ಹೆಣ ತಿಂದ ದೇಶದ ರಣಹದ್ದುಗಳನ್ನು ನಾಶದ ಅಂಚಿಗೆ ತಂದಿತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ಸರ್ಕಾರ ನಿಷೇಧಿಸಿತು. ಹಕ್ಕಿಯ ದೇಹ ನಮ್ಮ ದೇಹದಂತಲ್ಲ. ರೆಕ್ಕೆ ಮುರಿದಿದೆ ಎಂದು ಎದೆ ಸುತ್ತಿ ಬಿಗಿಯಾಗಿ ಕಟ್ಟಿದರೂ ಅಪಾಯ: ಎದೆಗೂಡು ಆಡಿದರೆ ಮಾತ್ರ ಅದಕ್ಕೆ ಉಸಿರು.

ಎಲುಬು ಹೊರಗೆ ಕಂಡರೆ, ಬೆಕ್ಕು ಕಚ್ಚಿದ್ದರೆ, ಒಂದು ದಿನ ಏನೂ ತಿನ್ನದಿದ್ದರೆ ಡಾಕ್ಟರೇ ಬೇಕು. ಬೆಕ್ಕಿನ ಹಲ್ಲಿನ ಗಾಯ ಹೊರಗೆ ಚುಕ್ಕೆಯಷ್ಟು ಕಂಡರೂ ಒಳಗೆ ನಂಜು ಏರುತ್ತದೆ. ಸರಿಯಾಗಿ ಕೂಡಿಸಿದ ಎಲುಬು ಎರಡು ಮೂರು ವಾರದಲ್ಲಿ ಗಟ್ಟಿಯಾಗುತ್ತದೆ. ಔಷಧ ಕೊಟ್ಟ ಹಕ್ಕಿಯ ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದು ಎಂದು ಕೇಳಿಕೊಳ್ಳಿ. ಗಾಯವಿಲ್ಲದೆ ಹಕ್ಕಿಗಳು ಸಾಲಾಗಿ ಸಾಯುತ್ತಿದ್ದರೆ ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ, ಅದು ಹಕ್ಕಿಜ್ವರವೂ ಇರಬಹುದು.

ಡಾಕ್ಟರು ಬೇಕು ಅಂದ ಕೂಡಲೇ ಸಿಗುತ್ತಾರೆಯೇ? ಅಸಲು ತಕರಾರು ಇಲ್ಲಿದೆ. ಪಶು ಸಂಜೀವಿನಿ ವಾಹನಕ್ಕೆ 1962 ಎಂಬ ನಂಬರ್ ಇದೆ. ಆದರೆ ಲಾವಕ್ಕಿ ಎಂದು ಹೇಳಿ ಫೋನ್ ಮಾಡಲು ನಾವೇ ನಾಚುತ್ತೇವೆ, ಆ ಕಡೆಯವರು ನಗುತ್ತಾರೆಂದು ಹೆದರುತ್ತೇವೆ. ಕೇಳುವವರೇ ಇಲ್ಲದಿದ್ದರೆ ಸಣ್ಣ ಹಕ್ಕಿಯ ಔಷಧ ನಮ್ಮೂರ ಆಸ್ಪತ್ರೆಗೆ ಬರುವುದೂ ಇಲ್ಲ. ಒಂದು ಹಕ್ಕಿಗಾಗಿ ವಾಹನ ಬರಬೇಕೆಂದು ನಾವು ಹಟ ಹಿಡಿಯುವುದಿಲ್ಲ, ಹೆರಿಗೆಯ ಸಂಕಟದಲ್ಲಿರುವ ಎಮ್ಮೆಯೇ ಮೊದಲು. ಆದರೆ ಫೋನಿನಲ್ಲೇ ಐದು ನಿಮಿಷದ ಸಲಹೆ, ದನಕ್ಕೆ ಲಸಿಕೆ ಹಾಕಲು ಬಂದ ದಿನ ಕೋಳಿ, ಲಾವಕ್ಕಿಗಳನ್ನೂ ನೋಡುವ ಅರ್ಧ ತಾಸು, ಇಷ್ಟನ್ನು ಕೇಳಲು ಹಕ್ಕಿದೆ. ಗ್ರಾಮಸಭೆಯಲ್ಲಿ ಇದನ್ನು ಕೇಳಿ.

ಎಲ್ಲ ಹಕ್ಕಿಯೂ ಉಳಿಯುವುದಿಲ್ಲ. ಬೆನ್ನು ಮುರಿದು ನರಳುವುದನ್ನು ವಾರಗಟ್ಟಲೆ ಇಟ್ಟುಕೊಂಡರೆ ಅದು ದಯೆಯಲ್ಲ. ಆಗ ಡಾಕ್ಟರ ಕೈಯಲ್ಲಿ ನೋವಿಲ್ಲದ ಸಾವು ಕೊಡಿಸುವುದೂ ಆರೈಕೆಯೇ. ಆದರೆ ಆ ತೀರ್ಮಾನ ಹಕ್ಕಿಯ ನೋವು ನೋಡಿ ಆಗಬೇಕು, ಅದರ ಬೆಲೆ ನೋಡಿ ಅಲ್ಲ. ಮನೆಯ ಮಕ್ಕಳು ನಮ್ಮನ್ನು ನೋಡಿಯೇ ಈ ವ್ಯತ್ಯಾಸ ಕಲಿಯುತ್ತಾರೆ.