ಗಟ್ಟಿನ ಮನೆಗೆ ಕಡಲಕುದುರೆ ಬರಬಹುದೇ?

ಫೋನಿನಲ್ಲಿ ಒಂದು ನಿಮಿಷದ ವಿಡಿಯೊ ನೋಡಿದವರಿಗೆ ಕಡಲಕುದುರೆ ಸಾಕುವುದು ಬಹಳ ಸುಲಭ ಅನ್ನಿಸುತ್ತದೆ. ಗಾಜಿನ ತೊಟ್ಟಿ, ಉಪ್ಪುನೀರು, ನೀಲಿ ದೀಪ, ಗಿಡಕ್ಕೆ ಬಾಲ ಸುತ್ತಿ ನಿಂತ ಎರಡು ಪುಟ್ಟ ಜೀವ. ಬಣ್ಣದ ಮೀನು ಸಾಕಿ ರೂಢಿಯಿರುವ ಗಟ್ಟು, ಗದ್ವಾಲ, ಮಕ್ತಲ್ ಕಡೆಯ ಮನೆಗಳಲ್ಲಿ ಮಕ್ಕಳು ‘ನಮ್ಮಲ್ಲೂ ಇಡೋಣ’ ಎಂದು ಹಟ ಹಿಡಿದರೆ ಆಶ್ಚರ್ಯವಿಲ್ಲ. ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಉಪ್ಪುನೀರಿನ ತೊಟ್ಟಿ ಇಡಬಹುದು, ಅದರಲ್ಲಿ ಕಡಲಕುದುರೆ ಬಿಡುವಂತಿಲ್ಲ. ಬಿಡಬಾರದೆಂದು ಕಾನೂನು ಹೇಳುತ್ತದೆ. ಆ ಜೀವದ ದೇಹರಚನೆಯೂ ಬೇರೆ ದಾರಿಯಿಂದ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ.

ಮೊದಲು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಕಡಲಕುದುರೆಗಳನ್ನು 2001ರಲ್ಲಿ ಸೇರಿಸಲಾಯಿತು. ಹುಲಿ, ಆನೆಗಳಿರುವ ಪಟ್ಟಿ ಅದು. ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು, ಜೀವಂತವಿರಲಿ ಒಣಗಿದ್ದಿರಲಿ, ಎಲ್ಲವೂ ಅಪರಾಧ. ಈ ಪರಿಚ್ಛೇದದ ಪ್ರಾಣಿಗಳ ವಿಷಯದಲ್ಲಿ ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡವೂ 25,000 ರೂಪಾಯಿಗಿಂತ ಕಡಿಮೆ ಇರುವಂತಿಲ್ಲ. ‘ಗೊತ್ತಿರಲಿಲ್ಲ, ಅಂಗಡಿಯವನು ಕೊಟ್ಟ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಸಮುದ್ರದಿಂದ 250 ಕಿಲೋಮೀಟರಿಗೂ ಹೆಚ್ಚು ದೂರವಿರುವ ಗಟ್ಟಿನಂಥ ಊರಿಗೆ ಈ ಕಾನೂನಿನ ಗೊಡವೆ ಏಕೆ ಎಂದು ಕೇಳಬಹುದು. ಕಡಲಕುದುರೆಗೆ ಬಂದ ಕುತ್ತು ಬಹುಪಾಲು ಬೇರೆ ಮೀನಿಗೆ ಬೀಸಿದ ಬಲೆಯಿಂದಲೇ ಬಂದದ್ದು. ತಮಿಳುನಾಡಿನ ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿಗಳ ಕಡಲ ಹುಲ್ಲುಗಾವಲುಗಳಲ್ಲಿ ಟ್ರಾಲ್ ಬಲೆ ನೆಲ ಸವರುತ್ತ ಹೋಗುತ್ತದೆ. ಸಿಗಡಿಗೆ ಬೀಸಿದ ಆ ಬಲೆಗೆ ಇವೂ ಸಿಕ್ಕಿಬೀಳುತ್ತವೆ. 21 ದೇಶಗಳ ಮಾಹಿತಿ ಕೂಡಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೀಗೆ ವರ್ಷಕ್ಕೆ ಸುಮಾರು 3.7 ಕೋಟಿ ಕಡಲಕುದುರೆಗಳು ಹಿಡಿಯಲ್ಪಡುತ್ತವೆ ಎಂದು ಅಂದಾಜು ಮಾಡಿತು. ಒಣಗಿಸಿದವು ಮುಖ್ಯವಾಗಿ ಚೀನೀ ಔಷಧದ ಮಾರುಕಟ್ಟೆಗೆ ಹೋಗುತ್ತವೆ, ಜೀವಂತ ಸಿಕ್ಕವು ಅಕ್ವೇರಿಯಂ ವ್ಯಾಪಾರಕ್ಕೆ. ಬಲೆಗೆ ಆಕಸ್ಮಿಕವಾಗಿ ಬಿದ್ದದ್ದಕ್ಕೂ ಒಂದು ಬೆಲೆ ಕಟ್ಟುವವರು ಇದ್ದಾರೆ ಎಂದಾದ ಮೇಲೆ ಅದನ್ನು ವಾಪಸ್ ನೀರಿಗೆ ಬಿಡುವವರು ಯಾರು? ಆ ಬೆಲೆ ಕಟ್ಟುವವರ ಸಾಲಿನ ಕೊನೆಯಲ್ಲಿ ಗಟ್ಟಿನ ಗಿರಾಕಿಯೂ ನಿಂತಿರಬಹುದು. ಅದಕ್ಕೇ ಕಾನೂನು ದಡದಲ್ಲಿ ನಿಲ್ಲದೆ ಮನೆಯ ತೊಟ್ಟಿಯವರೆಗೂ ಬರುತ್ತದೆ.

ಇನ್ನು ದೇಹದ ಮಾತು. ಕಡಲಕುದುರೆ ಮೀನೇ. ಮೈಮೇಲೆ ಹುರುಪೆಯ ಬದಲು ಮೂಳೆಯ ಬಳೆಗಳ ಕವಚವಿದೆ. ಹಲ್ಲಿಲ್ಲ, ಜಠರವಿಲ್ಲ. ತಿಂದದ್ದು ನೇರ ಕರುಳಿಗೆ ಇಳಿದು ಬೇಗ ಹೊರಬೀಳುತ್ತದೆ. ಹೊಟ್ಟೆಯಲ್ಲಿ ಕೂಡಿಟ್ಟುಕೊಳ್ಳಲು ಜಾಗವೇ ಇಲ್ಲದ್ದರಿಂದ ದಿನವಿಡೀ ಸ್ವಲ್ಪಸ್ವಲ್ಪ ತಿನ್ನುತ್ತಲೇ ಇರಬೇಕು. ತಿನ್ನುವ ರೀತಿಯನ್ನು ಹತ್ತಿರದಿಂದ ನೋಡಿದರೆ ಮಿಕ್ಕದ್ದೆಲ್ಲ ಅರ್ಥವಾಗುತ್ತದೆ. ಬಾಲವನ್ನು ಹುಲ್ಲಿನೆಳೆಗೆ ಸುತ್ತಿ ಅಲ್ಲಾಡದೆ ನಿಲ್ಲುತ್ತದೆ. ಎಡಗಣ್ಣು ಒಂದು ಕಡೆ, ಬಲಗಣ್ಣು ಇನ್ನೊಂದು ಕಡೆ ತಿರುಗುತ್ತವೆ. ಸಣ್ಣ ಸಿಗಡಿಯೊಂದು ತೇಲಿ ಬಂದರೆ ಎರಡೂ ಕಣ್ಣು ಅದರ ಮೇಲೆ ನೆಡುತ್ತವೆ. ತಲೆ ನಿಧಾನ ಬಾಗುತ್ತದೆ. ಮರುಕ್ಷಣ ತಲೆ ಚಿಮ್ಮಿ, ಕೊಳವೆಯಂಥ ಮೂತಿ ಸಿಗಡಿಯನ್ನು ಒಳಗೆಳೆದುಕೊಂಡಿರುತ್ತದೆ. ಈ ಕೊನೆಯ ಏಟು ಸೆಕೆಂಡಿನ ನೂರನೇ ಒಂದಂಶಕ್ಕಿಂತ ಕಡಿಮೆ ಹೊತ್ತಿನದು. ಆದರೆ ಬೇಟೆ ತಾನಾಗಿ ಹತ್ತಿರ ಬರಬೇಕು. ಬೆನ್ನಿನ ಒಂದು ಸಣ್ಣ ರೆಕ್ಕೆ ಬಡಿದು ಈಜುವ ಇದಕ್ಕೆ ಬೆನ್ನಟ್ಟಿ ಹಿಡಿಯುವ ಶಕ್ತಿಯಿಲ್ಲ. ಚುರುಕಾದ ಮೀನುಗಳ ಜೊತೆ ಬಿಟ್ಟರೆ ಮೇವೆಲ್ಲ ಅವಕ್ಕೇ ಹೋಗಿ ಇದು ಉಪವಾಸ ಬೀಳುತ್ತದೆ.

ಮೇವು ಎಂದರೆ ಅಂಗಡಿಯ ಒಣ ಕಾಳಲ್ಲ. ಸಾಕಣೆ ಕೇಂದ್ರದಲ್ಲಿ ಹುಟ್ಟಿ ಬೆಳೆದ ಕಡಲಕುದುರೆಗೂ ಹೆಪ್ಪುಗಟ್ಟಿಸಿದ ಮೈಸಿಸ್ ಸಿಗಡಿಯನ್ನು ದಿನಕ್ಕೆ ಎರಡು ಮೂರು ಬಾರಿ ಕೊಡಬೇಕು. ಕಡಲಿನಿಂದ ಹಿಡಿದದ್ದಾದರೆ ಅದನ್ನೂ ಮೂಸದೆ ಜೀವಂತ ಬೇಟೆಯೇ ಬೇಕೆಂದು ಸೊರಗುವುದು ಸಾಮಾನ್ಯ. ಹೆಪ್ಪುಗಟ್ಟಿಸಿದ ಸಿಗಡಿಯನ್ನು ದೊಡ್ಡ ಶಹರದಿಂದ ತಂಪು ಕೆಡದಂತೆ ಇಲ್ಲಿಗೆ ತರಬೇಕು. ಏಪ್ರಿಲ್ ಬಿಸಿಲಿನಲ್ಲಿ ದಾರಿಯ ಮಧ್ಯೆ ಒಮ್ಮೆ ಕರಗಿ ಕೆಟ್ಟದ್ದನ್ನು ಮತ್ತೆ ಫ್ರೀಜರಿನಲ್ಲಿಟ್ಟರೆ ಅದು ವಿಷಕ್ಕೆ ಸಮ.

ಹಾಗಾದರೆ ತೊಟ್ಟಿಯ ಕಥೆ ಏನು? ಇದನ್ನು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಕಡಲಕುದುರೆ ಇಲ್ಲದೆ ಬೇರೆ ಕಡಲ ಮೀನು ಸಾಕುವವರಿಗೂ ಈ ಲೆಕ್ಕ ಅಷ್ಟಿಷ್ಟು ವ್ಯತ್ಯಾಸದೊಂದಿಗೆ ಇದೇ.

2 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯಲ್ಲಿ ಮೇಲೆ ಸ್ವಲ್ಪ ಬಿಟ್ಟು ತುಂಬಿದರೆ ಸುಮಾರು 150 ಲೀಟರ್ ನೀರು ಹಿಡಿಯುತ್ತದೆ. ಬೋರಿನ ನೀರು ಇದಕ್ಕೆ ಬೇಡ. ಕಲ್ಲುನೆಲದ ನಮ್ಮ ಬೋರುಗಳ ನೀರು ಗಡಸು, ಅದರಲ್ಲಿ ಕರಗಿದ ಲವಣ ಎಷ್ಟು, ಯಾವುದು ಎಂದು ಊಹಿಸಲಾಗದು. ಕ್ಯಾನ್ ನೀರಿನಲ್ಲೂ ರುಚಿಗೆಂದು ಲವಣ ಉಳಿಸಿರುತ್ತಾರೆ. ಟಿಡಿಎಸ್ ಮೀಟರಿನಲ್ಲಿ ಸೊನ್ನೆ ತೋರಿಸುವಷ್ಟು ಶುದ್ಧ ಮಾಡಿದ ಆರ್‌ಒ ನೀರಿಗೆ ಲೀಟರಿಗೆ 35 ಗ್ರಾಂನಂತೆ ಅಕ್ವೇರಿಯಂ ಸಮುದ್ರ ಉಪ್ಪು ಬೆರೆಸಬೇಕು, ಅಂದರೆ 150 ಲೀಟರಿಗೆ ಐದೂಕಾಲು ಕಿಲೋ. ಅಡುಗೆ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡ್ ಬಿಟ್ಟರೆ ಹೆಚ್ಚೇನಿಲ್ಲ. ಕಡಲ ಜೀವಕ್ಕೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ತಕ್ಕ ಪ್ರಮಾಣದಲ್ಲಿ ಬೇಕು.

ಹೊಸಬರು ಮೊದಲು ಎಡವುವುದು ನೀರು ಆರುವ ಲೆಕ್ಕದಲ್ಲಿ. ನಮ್ಮ ಬೇಸಿಗೆಯಲ್ಲಿ ಫ್ಯಾನಿನ ಕೆಳಗಿನ ತೊಟ್ಟಿಯಿಂದ ದಿನಕ್ಕೆ 3 ಲೀಟರ್ ನೀರು ಆರಿತು ಎಂದಿಟ್ಟುಕೊಳ್ಳಿ. ನೀರು ಆರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಒಂದು ವಾರ ಊರಿಗೆ ಹೋಗಿ ಬಂದರೆ 150 ಲೀಟರಿನಲ್ಲಿ 129 ಉಳಿದಿರುತ್ತದೆ, ಲೀಟರಿಗೆ 35 ಗ್ರಾಂ ಇದ್ದ ಉಪ್ಪು 40 ಗ್ರಾಂ ದಾಟಿರುತ್ತದೆ. ಕಡಿಮೆಯಾದದ್ದನ್ನು ಉಪ್ಪುನೀರಿನಿಂದ ತುಂಬಿದರೆ ಇನ್ನೂ ಏರುತ್ತದೆ. ಆರಿದ ನೀರಿನ ಜಾಗಕ್ಕೆ ಸಿಹಿನೀರು, ತೆಗೆದು ಬದಲಿಸಿದ ನೀರಿನ ಜಾಗಕ್ಕೆ ಉಪ್ಪುನೀರು: ಇದು ಮರೆಯಬಾರದ ಪಾಠ. ಅಳೆಯಲು ರಿಫ್ರಾಕ್ಟೋಮೀಟರ್ ಎಂಬ ಸಾಧನ ಸಿಗುತ್ತದೆ. ನಾಲಿಗೆ ಅದರ ಕೆಲಸ ಮಾಡಲಾರದು.

ಎರಡನೆಯದು ತಾಳ್ಮೆ. ಹೊಸ ತೊಟ್ಟಿಗೆ ನೀರು ತುಂಬಿದ ದಿನವೇ ಮೀನು ಬಿಟ್ಟರೆ ಅದು ತನ್ನ ಹೇಸಿಗೆಯ ಅಮೋನಿಯದಿಂದಲೇ ಸಾಯುತ್ತದೆ. ಅಮೋನಿಯವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಬೇಕು. ಒಂದು ಚೂರು ಸಿಗಡಿ ಹಾಕಿ ಕೊಳೆಯಲು ಬಿಟ್ಟು ಟೆಸ್ಟ್ ಕಿಟ್‌ನಿಂದ ನೋಡುತ್ತ ಹೋದರೆ ಮೊದಲು ಅಮೋನಿಯ ಏರಿ ಇಳಿಯುತ್ತದೆ, ನಂತರ ನೈಟ್ರೈಟ್. ಎರಡೂ ಸೊನ್ನೆಗೆ ಬರಲು ನಾಲ್ಕರಿಂದ ಆರು ವಾರ ಸಾಮಾನ್ಯ. ಹೊಲ ಹದವಾಗದೆ ಬಿತ್ತುವ ರೈತನಿಲ್ಲ, ಇಲ್ಲಿಯೂ ಹಾಗೆಯೇ. ಆಮೇಲೂ ವಾರಕ್ಕೆ ಹತ್ತರಲ್ಲೊಂದು ಪಾಲು ನೀರು ಬದಲಿಸುತ್ತಿರಬೇಕು.

ಮೂರನೆಯದೇ ನಮ್ಮ ಊರಿಗೆ ದೊಡ್ಡ ಗೋಡೆ: ಶೆಖೆ. ಕಡಲಕುದುರೆಗಳನ್ನು ತೊಟ್ಟಿಯಲ್ಲಿ ಸಾಕುವ ಅನುಭವಿಗಳು ನೀರನ್ನು 22ರಿಂದ 24 ಡಿಗ್ರಿಯಲ್ಲಿ ಇಡುತ್ತಾರೆ. ನಮ್ಮ ಸಮುದ್ರಗಳ ನೀರು ಇದಕ್ಕಿಂತ ಬೆಚ್ಚಗಿದ್ದರೂ ಅಲ್ಲಿ ಅವು ಬದುಕುತ್ತವಲ್ಲ ಎಂದರೆ, ಅಲ್ಲಿ ಕೊಳೆಯನ್ನು ಒಯ್ಯಲು ಇಡೀ ಸಮುದ್ರವಿದೆ. ನಾಲ್ಕು ಗಾಜಿನ ನಡುವಿನ ಬೆಚ್ಚನೆ ನೀರಿನಲ್ಲಿ ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಾ ಬೇಗ ಹೆಚ್ಚಿ, ಚರ್ಮ, ಬಾಲ, ಮೂತಿ ಕೊಳೆಯುವ ರೋಗ ತರುತ್ತದೆ. ಹೊರಗೆ 40 ಡಿಗ್ರಿ ದಾಟುವ ಮೇ ತಿಂಗಳಲ್ಲಿ ನೀರನ್ನು 24ರಲ್ಲಿ ಹಿಡಿಯಲು ಚಿಲ್ಲರ್ ಹಗಲಿರುಳು ಓಡಬೇಕು. ಮಳೆಗಾಳಿಗೆ ರಾತ್ರಿಯಿಡೀ ಕರೆಂಟು ಹೋದರೆ ಇನ್ವರ್ಟರ್ ಪಂಪನ್ನು ಓಡಿಸೀತು, ಚಿಲ್ಲರ್ ಓಡಿಸುವುದು ಕಷ್ಟ. ತೊಟ್ಟಿಯ ಖರ್ಚಿಗಿಂತ ಅದನ್ನು ತಂಪಾಗಿಡುವ ಖರ್ಚೇ ದೊಡ್ಡದು ಎಂಬುದನ್ನು ಯಾವ ವಿಡಿಯೊವೂ ತೋರಿಸುವುದಿಲ್ಲ.

ಇಷ್ಟಾದರೂ ಒಂದು ನ್ಯಾಯವಾದ ಪ್ರಶ್ನೆ ಉಳಿಯುತ್ತದೆ. ಕಡಲಿನಿಂದ ಹಿಡಿಯದೆ, ಸಾಕಣೆಯಲ್ಲೇ ಹುಟ್ಟಿದ್ದನ್ನು ಕೊಂಡರೆ ಯಾರಿಗೆ ನಷ್ಟ? ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ‘ಹಿಪ್ಪೊಕ್ಯಾಂಪಸ್ ಕೂಡಾ’ ಎಂಬ ಜಾತಿಯನ್ನು 1990ರ ದಶಕದಲ್ಲೇ ತೊಟ್ಟಿಯಲ್ಲಿ ಮರಿ ಮಾಡಿಸಿದ್ದರು. ಇವುಗಳಲ್ಲಿ ಬಸಿರು ಹೊರುವುದು ಗಂಡು. ಹೆಣ್ಣು ಅದರ ಹೊಟ್ಟೆಯ ಚೀಲಕ್ಕೆ ಮೊಟ್ಟೆ ತುಂಬುತ್ತದೆ, ಕೆಲವು ವಾರಗಳ ನಂತರ ಗಂಡು ನೂರಾರು ಮರಿ ಹಾಕುತ್ತದೆ. ಕಷ್ಟವಿರುವುದು ಮುಂದೆ. ಅಷ್ಟು ಸಣ್ಣ ಬಾಯಿಗೆ ಹೊಂದುವ ಜೀವಂತ ಮೇವನ್ನು ಬೇರೆಯೇ ಬೆಳೆಸಬೇಕು, ಬದುಕಿ ಉಳಿಯುವುದು ಕೆಲವು ಮಾತ್ರ. ಆದರೆ ವಿದ್ಯೆ ಇಲ್ಲವೆಂದಲ್ಲ. ಹೊರದೇಶಗಳಲ್ಲಿ ಸಾಕಣೆಯ ಕಡಲಕುದುರೆ ಮಾರುವ ಕೇಂದ್ರಗಳಿವೆ.

ನಮ್ಮಲ್ಲಿ ತೊಡಕು ಎಲ್ಲಿದೆಯೆಂದರೆ, ಪ್ಲಾಸ್ಟಿಕ್ ಚೀಲದಲ್ಲಿ ಬಂದ ಮರಿ ಹ್ಯಾಚರಿಯದೋ ಪಾಕ್ ಕೊಲ್ಲಿಯದೋ ಎಂದು ನೋಡಿ ಹೇಳಲಾಗದು. ಅಂತರರಾಷ್ಟ್ರೀಯ ವ್ಯಾಪಾರದಲ್ಲಿ 2004ರಿಂದ ಕಡಲಕುದುರೆಗಳಿಗೆ ಸೈಟ್ಸ್ ಒಪ್ಪಂದದ ಪರವಾನಗಿ ಕಡ್ಡಾಯ. ‘ವಿದೇಶಿ ತಳಿ, ಪರವಾಗಿಲ್ಲ’ ಎಂಬ ಅಂಗಡಿಯವನ ಬಾಯಿಮಾತು ಆ ಕಾಗದಕ್ಕೆ ಸಮನಾಗದು. 2001ರ ನಿಷೇಧದಿಂದ ಬಲೆಗೆ ಬೀಳುವುದು ನಿಲ್ಲಲಿಲ್ಲ, ಮೀನುಗಾರರ ಸಣ್ಣ ಆದಾಯ ಮಾತ್ರ ಕಳ್ಳದಾರಿ ಹಿಡಿಯಿತು ಎಂಬ ವಾದವನ್ನೂ ತಳ್ಳಿಹಾಕುವಂತಿಲ್ಲ. ಹ್ಯಾಚರಿಯ ಮರಿಗಳಿಗೆ ಗುರುತು ಹಾಕಿ, ದಾಖಲೆ ಇಟ್ಟು, ಅದರ ಲಾಭ ಕರಾವಳಿಯ ಮಹಿಳಾ ಸಂಘಗಳಿಗೆ ಹೋಗುವ ವ್ಯವಸ್ಥೆಯೊಂದನ್ನು ಸರ್ಕಾರ ಯೋಚಿಸಬಹುದು. ಆದರೆ ಅಂಥ ದಾರಿ ಕಾನೂನಿನಲ್ಲಿ ತೆರೆಯುವ ಮೊದಲೇ ಮನೆಗೆ ತರುವುದು ಆ ಸುಧಾರಣೆಗೂ ಕೆಡುಕು. ಕದ್ದ ಮಾಲಿಗೆ ಗಿರಾಕಿ ಇರುವವರೆಗೆ ಗುರುತಿನ ಮಾಲು ಸಾಕುವ ಖರ್ಚನ್ನು ಯಾರೂ ಹೊರುವುದಿಲ್ಲ.

ಹಾಗಾದರೆ ಆಸೆಪಟ್ಟ ಮಕ್ಕಳಿಗೆ ಏನು ಹೇಳೋಣ? ಉಪ್ಪುನೀರಿನ ತೊಟ್ಟಿಯೇ ಬೇಕೆಂದರೆ ಅವರು ‘ನೀಮೋ’ ಎಂದು ಗುರುತಿಸುವ ಕ್ಲೌನ್ ಮೀನಿನಿಂದ ಶುರು ಮಾಡಿ. ಇದರ ಮರಿ ಮಾಡಿಸುವ ವಿದ್ಯೆಯನ್ನು ಅದೇ ಸಂಶೋಧನಾ ಸಂಸ್ಥೆ ಬೆಳೆಸಿದೆ, ಹ್ಯಾಚರಿಯ ಮರಿಗಳು ಸಿಗುತ್ತವೆ. ಅದು ಕಾಳು ತಿನ್ನುತ್ತದೆ, 26-27 ಡಿಗ್ರಿಯಲ್ಲಿ ಚೆನ್ನಾಗಿರುತ್ತದೆ. ಮೇ ತಿಂಗಳಲ್ಲಿ ಅದಕ್ಕೂ ತಂಪು ಬೇಕು, ಆದರೆ ಆ ಭಾರ ಕಡಿಮೆ. ತೊಟ್ಟಿಯ ಅಂದಕ್ಕೆ ಹವಳ ಮಾತ್ರ ಕೊಳ್ಳಬೇಡಿ. ಹವಳವೂ ಅದೇ ಮೊದಲ ಪರಿಚ್ಛೇದದಲ್ಲಿದೆ, ಸತ್ತು ಬಿಳಿಚಿದ ತುಂಡು ಕೂಡ. ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳಿ: ಮೀನು ಯಾವ ಹ್ಯಾಚರಿಯದು, ಬಿಲ್ಲಿನಲ್ಲಿ ಅದನ್ನು ಬರೆದುಕೊಡುತ್ತೀರಾ? ಉತ್ತರ ತಡವರಿಸಿದರೆ ಬರಿಗೈಲಿ ಬನ್ನಿ. ಎಲ್ಲಾದರೂ ಕಡಲಕುದುರೆ ಮಾರಾಟಕ್ಕಿಟ್ಟದ್ದು ಕಂಡರೆ, ಅದು ಒಣಗಿದ್ದಾದರೂ, ಅರಣ್ಯ ಇಲಾಖೆಗೆ ತಿಳಿಸಿ. ‘ಪಾಪ, ಬದುಕಿಸೋಣ’ ಎಂದು ದುಡ್ಡು ಕೊಟ್ಟು ಬಿಡಿಸಿ ತರುವುದೂ ತಪ್ಪೇ. ನಿಮ್ಮ ದುಡ್ಡು ಕೈಸೇರಿದ ಮರುದಿನ ಆ ವ್ಯಾಪಾರಿ ಇನ್ನೊಂದು ಜೋಡಿಗೆ ಬೇಡಿಕೆ ಕಳಿಸಿರುತ್ತಾನೆ.