ಹಣ್ಣಿನ ಟೋಪಿಯ ಕೆಳಗಿನ ತಲೆ

ಗೆಳೆಯರೇ, ಹಾಲಿವುಡ್ ಸಿನಿಮಾ ನೋಡಿ ನಾವೂ ನಕ್ಕಿದ್ದೇವೆ. ಸೊಂಟ ಬಳುಕಿಸುವ, ಮಾತುಮಾತಿಗೆ ಸಿಡಿಯುವ, ಮುರುಕು ಇಂಗ್ಲಿಷಿನ ಹೆಂಗಸು ಪರದೆಗೆ ಬಂದರೆ ಸಾಕು, ನಗು. ಯಾರಾಕೆ? ಲ್ಯಾಟಿನಾ. ಮೆಕ್ಸಿಕೊ, ಪೋರ್ಟೊರಿಕೊ, ಗ್ವಾಟೆಮಾಲಾದಂಥ ನಾಡುಗಳ ಮೂಲದಿಂದ ಬಂದು ಅಮೆರಿಕದಲ್ಲಿ ದುಡಿದು ಬದುಕುವ ಹೆಣ್ಣು. ಆ ನಗು ಯಾರ ಕಿಸೆ ತುಂಬಿತು? ಯಾರ ಹೊಟ್ಟೆ ಕೊಯ್ಯಿತು? ಇದನ್ನು ಕೇಳಲೇಬೇಕು.

1943ರ 'ದಿ ಗ್ಯಾಂಗ್ಸ್ ಆಲ್ ಹಿಯರ್' ಚಿತ್ರದಲ್ಲಿ ಕಾರ್ಮೆನ್ ಮಿರಾಂಡಾ ತಲೆ ಮೇಲೆ ಹಣ್ಣಿನ ರಾಶಿ ಹೊತ್ತು ಕುಣಿದಳು. ಆ ವೇಷದ ಮೂಲ ಎಲ್ಲಿಯದು? ಬ್ರೆಜಿಲ್ಲಿನ ಬಾಹಿಯಾದ ಬೀದಿಗಳಲ್ಲಿ ತಿಂಡಿ ಮಾರುತ್ತಿದ್ದ ಕಪ್ಪು ಹೆಂಗಸರದು. ಹೊಟ್ಟೆಪಾಡಿಗೆ ಬುಟ್ಟಿ ಹೊತ್ತವಳು ಬೀದಿಯಲ್ಲೇ ಉಳಿದಳು. ಅವಳ ಉಡುಪು ಮಾತ್ರ ಬಿಳಿಯ ಮೈ ಏರಿ ಹಾಲಿವುಡ್ ಸೇರಿತು. ಮರುವರ್ಷವೇ ಯುನೈಟೆಡ್ ಫ್ರೂಟ್ ಕಂಪನಿ ಬಾಳೆಹಣ್ಣಿಗೆ ಹೆಣ್ಣಿನ ರೂಪ ಕೊಟ್ಟು, ತಲೆಗೆ ಹಣ್ಣಿನ ಟೋಪಿ ತೊಡಿಸಿ, 'ಚಿಕೀಟಾ' ಎಂದು ಮಾರಿತು. ಇದೇ ಕಂಪನಿಯ ತೋಟದ ಕೂಲಿಗಳು 1928ರಲ್ಲಿ ಕೊಲಂಬಿಯಾದ ಸಿಯೆನಗಾದಲ್ಲಿ ಮುಷ್ಕರ ಹೂಡಿದಾಗ ಸೈನ್ಯ ಗುಂಡಿಟ್ಟು ಕೊಂದಿತ್ತು. ಕುಣಿಯುವ ಹಣ್ಣನ್ನು ಕಂಡವರಿಗೆ ಆ ಹೆಣಗಳು ಕಾಣಲಿಲ್ಲ.

ಇನ್ನೊಂದು ಅಚ್ಚು, ಬೆಂಕಿಯುಗುಳುವ ಹೆಣ್ಣಿನದು. ಲೂಪೆ ವೆಲೆಜ್ ನಟಿಸಿದ 1940ರ ಚಿತ್ರಕ್ಕೆ 'ಮೆಕ್ಸಿಕನ್ ಸ್ಪಿಟ್‌ಫೈರ್' ಎಂದೇ ಹೆಸರು. ಪೋರ್ಟೊರಿಕೊದಲ್ಲೇ ಹುಟ್ಟಿದ ರೀಟಾ ಮೊರೆನೊಗೆ 1961ರ 'ವೆಸ್ಟ್ ಸೈಡ್ ಸ್ಟೋರಿ'ಯಲ್ಲಿ ಮುಖಕ್ಕೆ ಕಂದು ಬಣ್ಣ ಬಳಿದರು. ನೋಡ್ರಿ, ಹುಟ್ಟಿದ ಮೈಬಣ್ಣವೂ ಇವರ ಅಚ್ಚಿಗೆ ಸಾಲಲಿಲ್ಲ! ಮೂರನೆಯ ಅಚ್ಚು ಮನೆಗೆಲಸದವಳು. ಲೂಪೆ ಒಂಟಿವೆರೋಸ್ ಎಂಬ ನಟಿ ತಾನು ನೂರೈವತ್ತು ಸಲವಾದರೂ ಮನೆಗೆಲಸದವಳ ಪಾತ್ರ ಮಾಡಿದ್ದೇನೆಂದು ಲೆಕ್ಕ ಹೇಳುತ್ತಿದ್ದರು. ಕಸ ಗುಡಿಸುವುದು ಅವಮಾನವಲ್ಲ. ಅದೊಂದೇ ನಿನ್ನ ಹಣೆಬರಹ ಅನ್ನೋದು ಅವಮಾನ.

'ಅಯ್ಯೋ, ಸಿನಿಮಾ ತಾನೇ, ಬಿಡ್ರಿ' ಎನ್ನುವವರಿದ್ದಾರೆ. ಬಿಡೋದು ಹ್ಯಾಂಗೆ? ಪರದೆಯ ಮೇಲೆ ಆಕೆ ಬರೀ ಮೈ. ಪರದೆಯ ಹೊರಗೆ 'ಹೆತ್ತು ಹೆತ್ತು ಹಾಕುವವಳು' ಎಂಬ ಬೈಗುಳ. ಆ ಬೈಗುಳ ಆಸ್ಪತ್ರೆಯನ್ನೂ ಹೊಕ್ಕಿತು. 1970ರ ದಶಕದ ಮೊದಲ ವರ್ಷಗಳಲ್ಲಿ ಲಾಸ್ ಏಂಜಲೀಸಿನ ಸರ್ಕಾರಿ ಆಸ್ಪತ್ರೆಯಲ್ಲಿ ಮೆಕ್ಸಿಕನ್ ತಾಯಂದಿರು ಹೆರಿಗೆ ನೋವಿನಲ್ಲಿ ಒದ್ದಾಡುವಾಗ ಕೈಗೆ ಇಂಗ್ಲಿಷ್ ಕಾಗದ ತುರುಕಿ ಸಹಿ ಹಾಕಿಸಿದರು, ಸಂತಾನಹರಣ ಮಾಡಿದರು. ಹತ್ತು ಮಂದಿ ಹೆಂಗಸರು ಕೋರ್ಟಿಗೆ ಹೋದರು. 1978ರಲ್ಲಿ ತೀರ್ಪು ವೈದ್ಯರ ಪರ ಬಂತು. ತಪ್ಪು ವೈದ್ಯರದಲ್ಲ, ಮಾತು ಅರ್ಥವಾಗದೆ ಆದದ್ದು. ಈ ಹೆಂಗಸರ ಸಂಸ್ಕೃತಿಯೂ ಅದಕ್ಕೆ ಕಾರಣ ಎಂದರು ನ್ಯಾಯಾಧೀಶರು. ಕತ್ತಿ ಹಿಡಿದವನು ನಿರ್ದೋಷಿ, ಕೊಯ್ಸಿಕೊಂಡವಳ ಸಂಸ್ಕೃತಿ ಅಪರಾಧಿ! ಆದರೂ ಆ ತಾಯಂದಿರ ಹೋರಾಟ ವ್ಯರ್ಥವಾಗಲಿಲ್ಲ. ಒಪ್ಪಿಗೆ ಪತ್ರ ಸ್ಪ್ಯಾನಿಷ್ ಭಾಷೆಯಲ್ಲೂ ಬರುವಂತಾಯಿತು.

ಅಚ್ಚಿಗೆ ಒಗ್ಗದ ಹೆಣ್ಣುಗಳನ್ನು ಹಾಲಿವುಡ್ ಯಾಕೆ ಮರೆಯಿತು? 1938ರಲ್ಲಿ ಟೆಕ್ಸಾಸಿನ ಸಾನ್ ಆಂಟೊನಿಯೊದಲ್ಲಿ ಪೆಕಾನ್ ಬೀಜ ಸುಲಿಯುವ ಸುಮಾರು 12,000 ಕೂಲಿಗಳು, ಹೆಚ್ಚಿನವರು ಮೆಕ್ಸಿಕನ್ ಹೆಂಗಸರು, ಕೂಲಿ ಕಡಿತದ ವಿರುದ್ಧ ಬೀದಿಗಿಳಿದರು. ಮುಂದೆ ನಿಂತವಳು 21ರ ಹುಡುಗಿ ಎಮ್ಮಾ ತೆನಾಯೂಕಾ. ಹೊಲದ ಕೂಲಿಗಳ ಸಂಘ ಕಟ್ಟಿದ ಡೊಲೊರೆಸ್ ವೆರ್ತಾ 1972ರಲ್ಲಿ ಕೊಟ್ಟ ಘೋಷಣೆ: 'ಸೀ, ಸೆ ಪ್ವೇದೆ'. ಹೌದು, ಆಗುತ್ತೆ!

ಇವರೂ ಸಿಡಿದವರೇ. ಆದರೆ ಮಾಲೀಕನ ಎದುರು ಸಿಡಿದವರು. ಆ ಸಿಟ್ಟು ಟಿಕೆಟ್ಟಿಗೆ ಮಾರುವ ಸರಕಲ್ಲ. ಅದಕ್ಕೇ ಪರದೆಯಲ್ಲಿ ಜಾಗವಿಲ್ಲ.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ವಿದ್ಯಾರ್ಥಿ ಮಿತ್ರರೇ, ಒಂದು ಜನದ ಹೆಣ್ಣನ್ನು ಮೊದಲು ನಗೆಪಾಟಲು ಮಾಡುತ್ತಾರೆ. ಆಮೇಲೆ ಅವಳ ಕೂಲಿ ಕಡಿಯುವುದೂ ಸುಲಭ, ಹೊಟ್ಟೆ ಕೊಯ್ಯುವುದೂ ಸುಲಭ. ಮುಂದಿನ ಸಲ ಅಂಥ ದೃಶ್ಯ ಬಂದಾಗ ನಾವು ನಗುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ಎಮ್ಮಾಳ ಹೆಸರು ಹೇಳುತ್ತೇವೆ.