ವಾಗ್ದಾನದ ಚೀಟಿ, ಸಂಜೆಯ ಕೂಲಿ

ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ವಾಗ್ದಾನದ ಚೀಟಿ ಎತ್ತುವ ಪದ್ಧತಿ ನಮ್ಮ ಅನೇಕ ಸಭೆಗಳಲ್ಲಿದೆ. ತಟ್ಟೆಯ ತುಂಬ ಚೀಟಿಗಳು. ಒಬ್ಬೊಬ್ಬರು ಒಂದೊಂದನ್ನು ಎತ್ತಿಕೊಂಡು, ಅದರಲ್ಲಿರುವ ಸತ್ಯವೇದದ ವಾಕ್ಯವನ್ನು ಹೊಸ ವರ್ಷಕ್ಕಾಗಿ ದೇವರು ತಮಗೇ ಬರೆದ ಕಾಗದವೆಂಬಂತೆ ಓದಿಕೊಳ್ಳುತ್ತಾರೆ. ಎಷ್ಟೋ ವರ್ಷಗಳಿಂದ ನಾನು ಈ ಚೀಟಿಗಳನ್ನು ನೋಡುತ್ತ ಬಂದಿದ್ದೇನೆ. ಆಶೀರ್ವಾದ, ಆರೋಗ್ಯ, ಜಯ, ಸಮೃದ್ಧಿ ಎಲ್ಲವೂ ಅವುಗಳಲ್ಲಿವೆ. ದಿನಗೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಟ್ಟುಬಿಡಬೇಕೆಂಬ ಧರ್ಮೋಪದೇಶಕಾಂಡದ ಅಪ್ಪಣೆ ಮಾತ್ರ ಒಂದು ಚೀಟಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅದೂ ಅದೇ ಗ್ರಂಥದಲ್ಲಿರುವ ಮಾತು.

ಇದನ್ನು ಕೊಂಕಿಗಾಗಿ ಹೇಳುತ್ತಿಲ್ಲ. ಚೀಟಿ ಎತ್ತುವ ಕೈಗಳಲ್ಲಿ ಕಷ್ಟ ಕಂಡ ಕೈಗಳು ಬಹಳ ಇವೆ. ಅವರಿಗೆ ಸಿಗುವ ಸಮಾಧಾನವನ್ನು ಕಿತ್ತುಕೊಳ್ಳುವ ಹಕ್ಕು ನನಗಿಲ್ಲ. ನನ್ನ ತಕರಾರು ಬೇರೆ. ದೇವರಿಂದ ನಮಗೆ ಬರಬೇಕಾದುದರ ಲೆಕ್ಕವನ್ನು ನಾವು ಚೊಕ್ಕವಾಗಿ ಬರೆದಿಡುತ್ತಿದ್ದೇವೆ. ಈ ದಿನ ನಮ್ಮಿಂದ ಯಾರಿಗೆ ಏನು ಸಲ್ಲಬೇಕು ಎಂಬ ಲೆಕ್ಕದ ಪುಸ್ತಕವನ್ನು ಮಾತ್ರ ಮಡಚಿ ಅಟ್ಟಕ್ಕೆ ಹಾಕಿದ್ದೇವೆ.

ಈಚೆಗೆ ನಮ್ಮ ಪ್ರಸಂಗಗಳಲ್ಲಿ ‘ಜೀವನದ ಉದ್ದೇಶ’ ಎಂಬ ಮಾತು ತುಂಬ ಓಡಾಡುತ್ತದೆ. ಅಮೆರಿಕದ ಪಾದ್ರಿ ರಿಕ್ ವಾರೆನ್ 2002ರಲ್ಲಿ ಇದೇ ವಿಷಯದ ಮೇಲೆ ಒಂದು ಪುಸ್ತಕ ಬರೆದು, 40 ದಿನಗಳಲ್ಲಿ ಓದಿ ಮುಗಿಸುವಂತೆ ಹಂಚಿಕೊಟ್ಟರು. ಮನುಷ್ಯ ತನ್ನಿಂದಾಚೆಗೆ ನೋಡಬೇಕೆಂದು ಹೇಳಿಯೇ ಆ ಪುಸ್ತಕ ಶುರುವಾಗುತ್ತದೆ. ಆದರೆ ನಮ್ಮ ಬಾಯಿಗೆ ಬರುವಷ್ಟರಲ್ಲಿ ಆ ಮಾತು ತಿರುಗುಮುರುಗಾಯಿತು. ದೇವರು ನನಗಾಗಿ ಒಂದು ಮಹಾಯೋಜನೆ ಇಟ್ಟಿದ್ದಾನೆ, ಅದು ತಿಳಿಯುವವರೆಗೆ ಉಪವಾಸ ಕೂಟ ಮಾಡುತ್ತೇನೆ, ಶಿಬಿರಕ್ಕೆ ಹೋಗುತ್ತೇನೆ, ಪ್ರವಾದನೆ ಕೇಳುತ್ತೇನೆ ಎನ್ನುವ ಹುಡುಗರನ್ನು ನೋಡಿದ್ದೇನೆ. ಮನೆಯಲ್ಲಿ ಅವರ ತಾಯಿ ಒಬ್ಬಳೇ ಕೊಡ ಹೊರುತ್ತಿರುತ್ತಾಳೆ. ಉದ್ದೇಶವನ್ನು ಹುಡುಕಿಕೊಂಡು ಹೋದವನಿಗೆ ಆ ಕೊಡ ಕಾಣುವುದೇ ಇಲ್ಲ. ನಾನು ಹೇಳುವುದಿಷ್ಟೆ: ಕ್ರೈಸ್ತನಿಗೆ ಉದ್ದೇಶ ಹುಡುಕಿ ತೆಗೆಯುವ ನಿಧಿಯಲ್ಲ. ಬೆಳಗಾದರೆ ಬಾಗಿಲಿಗೆ ಬಂದು ನಿಲ್ಲುವ ಮನುಷ್ಯನೇ ಅವನ ಆ ದಿನದ ಉದ್ದೇಶ.

ಸತ್ಯವೇದವನ್ನು ಈ ಕಣ್ಣಿನಿಂದ ಒಮ್ಮೆ ತಿರುವಿ ನೋಡಿ. ಅರಣ್ಯದಲ್ಲಿ ಇಸ್ರಾಯೇಲರಿಗೆ ಸಿಕ್ಕ ಮನ್ನ ಆಯಾ ದಿನಕ್ಕೆ ಮಾತ್ರ ಬರುತ್ತಿತ್ತು. ಆಸೆಪಟ್ಟು ಬೆಳಗಿನವರೆಗೆ ಇಟ್ಟುಕೊಂಡದ್ದು ಹುಳಬಿದ್ದು ನಾರಿತು. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಬೇಡುವುದು ಆ ದಿನದ ಆಹಾರವನ್ನು, ಅದೂ ‘ನನಗೆ’ ಎಂದಲ್ಲ, ‘ನಮಗೆ’ ಎಂದು. ದ್ರಾಕ್ಷೆಯ ತೋಟದ ಸಾಮ್ಯದಲ್ಲಿ ಯಜಮಾನ ಸಂಜೆ ಐದು ಗಂಟೆಗೆ ಬಂದವನಿಗೂ ಒಂದಿಡೀ ದಿನದ ಕೂಲಿ ಕೊಡುತ್ತಾನೆ. ಒಂದು ಗಂಟೆಯ ದುಡಿಮೆಗೆ ಒಂದು ಗಂಟೆಯ ಕೂಲಿ ಕೊಟ್ಟರೆ ಆ ಮನೆಯ ಮಕ್ಕಳು ಆ ರಾತ್ರಿ ಅರೆಹೊಟ್ಟೆಯಲ್ಲಿ ಮಲಗಬೇಕಾಗುತ್ತಿತ್ತು. ಈ ಮೂರನ್ನೂ ಕೂಡಿಸಿದರೆ ತಿಳಿಯುವುದು ಒಂದೇ: ಈ ದೇವರು ಲೆಕ್ಕ ಹಾಕುವುದು ದಿನದ ಲೆಕ್ಕದಲ್ಲಿ, ಅನ್ನದ ಲೆಕ್ಕದಲ್ಲಿ.

ಕನ್ನಡಿಗರಿಗೆ ಈ ಮಾತು ಹೊಸದೇನಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಹಾಗಾದರೆ ಇಷ್ಟಕ್ಕೆ ಕ್ರೈಸ್ತನೇ ಆಗಬೇಕೆ ಎಂದು ನೀವು ಕೇಳಬಹುದು. ಆಗಬೇಕಿಲ್ಲ. ಆದರೆ ಕ್ರೈಸ್ತನೆನಿಸಿಕೊಂಡವನು ಇದನ್ನು ಬಿಟ್ಟು ಬದುಕಲಾಗದು. ಲಕ್ಕಮ್ಮನ ಮುಂದೆ ನಾಚಬೇಕಾದ ವಿಶ್ವಾಸವನ್ನು ಇಟ್ಟುಕೊಂಡು ನಾವು ಯಾರಿಗೆ ಸುವಾರ್ತೆ ಸಾರುವುದು?

ನಮ್ಮ ಹಿಂದಿನವರಲ್ಲಿ ಇದನ್ನು ಬದುಕಿದವರು ಇದ್ದಾರೆ. ಪ್ಯಾರಿಸ್ಸಿನ ಒಂದು ಮಠದ ಅಡಿಗೆಮನೆಯಲ್ಲಿ ದುಡಿದ ಸಹೋದರ ಲಾರೆನ್ಸ್ ಆ ಕೆಲಸವನ್ನು ಇಷ್ಟಪಟ್ಟು ಹಿಡಿದವನಲ್ಲ. ಆದರೂ ಪಾತ್ರೆಗಳ ಗದ್ದಲದ ನಡುವೆಯೂ ಪ್ರಾರ್ಥನೆಯ ಹೊತ್ತಿನಲ್ಲಿದ್ದಷ್ಟೇ ದೇವರ ಹತ್ತಿರ ಇರಲು ಅವನು ಕಲಿತ. 1691ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಮಾತುಗಳನ್ನೂ ಕಾಗದಗಳನ್ನೂ ಬೇರೆಯವರು ಕೂಡಿಹಾಕಿದರು. ನಮ್ಮ ನಾಡಿಗೇ ಬಂದರೆ, 1853ರಲ್ಲಿ ಇಲ್ಲಿಗೆ ಬಂದ ಫರ್ಡಿನಾಂಡ್ ಕಿಟ್ಟೆಲ್ ದಶಕಗಳ ಕಾಲ ಕೂತು ಪದ ಪದವನ್ನು ಪರೀಕ್ಷಿಸಿ, 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ನಮ್ಮ ಕೈಗಿತ್ತರು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಪಾದ್ರಿ ಮುಲ್ಲರ್ ಹೋಮಿಯೋಪತಿ ಔಷಧಿ ಕೊಡಲು ಕೂತಾಗ ಎದುರಿಗಿದ್ದುದು ಆ ದಿನದ ರೋಗಿ. ದೊಡ್ಡ ಆಸ್ಪತ್ರೆ ಆಮೇಲಿನ ಮಾತು. 1890ರಲ್ಲಿ ಕುಷ್ಠರೋಗಿಗಳಿಗೂ ಅಲ್ಲಿ ನೆಲೆಯಾಯಿತು. ಮತ ಬದಲಿಸಿದ ತಪ್ಪಿಗೆ ಕಸುಬನ್ನೂ ಆಸರೆಯನ್ನೂ ಕಳೆದುಕೊಂಡವರ ನಾಳಿನ ಗಂಜಿಯ ಪ್ರಶ್ನೆ ಎದ್ದಾಗ, ಬಾಸೆಲ್ ಮಿಶನ್ನಿನವರು ಉಪದೇಶ ಮಾಡಿ ಸುಮ್ಮನಾಗಲಿಲ್ಲ. ಮಗ್ಗ ಹಾಕಿದರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಮಿಶನರಿಗಳಲ್ಲಿ ದೋಷವಿರಲಿಲ್ಲವೆಂದಲ್ಲ. ವಿಶ್ವಾಸಕ್ಕೂ ಅನ್ನಕ್ಕೂ ನಡುವೆ ಗೋಡೆ ಕಟ್ಟಿಕೊಳ್ಳಲಿಲ್ಲ ಎಂಬುದು ಅವರ ದೊಡ್ಡತನ.

ಆ ಗೋಡೆ ನಾವು ಕಟ್ಟಿದ್ದು. ಮುಸುರೆ ತಿಕ್ಕುವ ಹೆಂಗಸು ಜ್ವರದಿಂದ ಎರಡು ದಿನ ಬಾರದಿದ್ದರೆ ಸಂಬಳ ಹಿಡಿಯುವ ಮನೆಯಿಂದಲೇ ಭಾನುವಾರ ಲಕೋಟೆಯಲ್ಲಿ ದಶಮಾಂಶ ಬರುತ್ತದೆ. ಸಂಬಳದಲ್ಲಿ ಹಿಡಿದ ಹಣವೂ ಆ ಲಕೋಟೆಯೊಳಗಿರುತ್ತದೆ ಎಂಬುದು ಕಾಣಿಕೆ ಎಣಿಸುವವರಿಗೆ ಹೇಗೆ ತಿಳಿಯಬೇಕು? ಬೆಳಗಾದರೆ ಮೊಬೈಲಿನಲ್ಲಿ ಹೂವಿನ ಚಿತ್ರದೊಡನೆ ಇನ್ನೂರು ಜನಕ್ಕೆ ವಾಕ್ಯ ಕಳಿಸುವವರು, ಪಕ್ಕದ ಕೋಣೆಯಲ್ಲಿ ಮಲಗಿದ ಮುದಿ ಮಾವನಿಗೆ ಕಾಫಿ ಕೊಟ್ಟಾಯಿತೇ ಎಂದು ಕೇಳುವುದಿಲ್ಲ. ವೈವಾಹಿಕ ಜಾಹೀರಾತುಗಳನ್ನು ಓದಿ: ವಿಶ್ವಾಸಿ ಕುಟುಂಬದ ವರ ಬೇಕೆಂದು ಬರೆದ ಕೈಯೇ ಬಿಟ್ಟುಬಂದೆವೆಂದು ಹೇಳಿಕೊಳ್ಳುವ ಜಾತಿಯ ಹೆಸರನ್ನೂ ಬರೆಯುತ್ತದೆ. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು, ಕ್ರೈಸ್ತ ದಲಿತರನ್ನು ಸೇರಿಸಲಿಲ್ಲ. ಅವರಿಗೆ ನ್ಯಾಯ ಕೊಡಿ ಎಂದು ನಾವು ಸರ್ಕಾರವನ್ನು ಕೇಳುತ್ತೇವೆ, ಕೇಳಲೇಬೇಕು. ಆದರೆ ಅದೇ ದಲಿತ ಕ್ರೈಸ್ತನ ಮಗ ನಮ್ಮ ಮಗಳನ್ನು ಕೇಳಿದರೆ ನಮ್ಮ ನ್ಯಾಯ ಯಾವ ಕೋಣೆಯಲ್ಲಿ ಅಡಗಿಕೊಳ್ಳುತ್ತದೆ? ಒಂದೇ ರೊಟ್ಟಿಯನ್ನು ಮುರಿದು ತಿಂದವರು ಒಂದೇ ಪಂಕ್ತಿಯ ಬೀಗರಾಗಲಾರೆವು ಎಂದರೆ, ನಾವು ಮುರಿದದ್ದು ರೊಟ್ಟಿಯನ್ನೋ ಮಾತನ್ನೋ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ ಎಂದು ಬಲ್ಲೆ. ರಕ್ಷಣೆ ಕೃಪೆಯಿಂದ, ಕ್ರಿಯೆಗಳಿಂದಲ್ಲ, ನೀವು ಕೆಲಸಬೊಗಸೆಗಳ ಪಟ್ಟಿ ಹಿಡಿದು ಬಂದಿರಲ್ಲ ಎನ್ನುತ್ತಾರೆ. ಕೂಲಿ ಹಿಡಿದುಕೊಂಡ ಧನಿಕರನ್ನು ಬಯ್ಯುವ ಯಾಕೋಬನ ಪತ್ರಿಕೆಯನ್ನು ಲೂಥರನೇ 1522ರಲ್ಲಿ ಹುಲ್ಲಿಗೆ ಹೋಲಿಸಲಿಲ್ಲವೇ ಎಂದು ಓದಿದವರು ಕೇಳುತ್ತಾರೆ. ಹೋಲಿಸಿದ, ನಿಜ. ಅದೇ ವರ್ಷ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಬರೆದ ಮುನ್ನುಡಿಯಲ್ಲಿ ವಿಶ್ವಾಸವೆಂಬುದು ಸುಮ್ಮನೆ ಕೂರಲಾರದ ಜೀವಂತ ವಸ್ತು, ಒಳ್ಳೆಯದನ್ನು ಮಾಡಬೇಕೇ ಎಂದು ಕೇಳುವ ಮೊದಲೇ ಅದು ಮಾಡಿ ಮುಗಿಸಿರುತ್ತದೆ ಎಂಬ ಅರ್ಥದ ಮಾತನ್ನೂ ಅವನೇ ಬರೆದ. ನಾವು ಮೊದಲನೆಯದನ್ನು ನೆನಪಿಟ್ಟುಕೊಂಡು ಎರಡನೆಯದನ್ನು ಮರೆತೆವು. ಮರೆವು ಅನುಕೂಲದ ಕಡೆಗೇ ವಾಲುತ್ತದೆ. ಕೃಪೆ ಪುಕ್ಕಟೆ ಸಿಕ್ಕಿತು, ಒಪ್ಪಿದೆ. ಪುಕ್ಕಟೆ ಸಿಕ್ಕಿದ್ದನ್ನು ಬಚ್ಚಿಡುವವನಿಗಿಂತ ಜಿಪುಣ ಬೇರೆ ಯಾರು?

ನಾಳೆಯ ಯೋಚನೆ ಇಲ್ಲದೆ ಸಂಸಾರ ಸಾಗುತ್ತದೆಯೇ ಎಂದು ಕೇಳುವವರಿಗೂ ಉತ್ತರವಿದೆ. ಮಕ್ಕಳ ಫೀಜು, ಮನೆಯ ಸಾಲ, ಮುದಿತನದ ಆಸ್ಪತ್ರೆಯ ಖರ್ಚು ಯಾರಿಗೂ ತಪ್ಪಿದ್ದಲ್ಲ. ಮನ್ನದ ವಿಷಯದಲ್ಲೂ ಸಬ್ಬತ್ತಿನ ಹಿಂದಿನ ದಿನ ಎರಡರಷ್ಟು ಕೂಡಿಸಲು ಅಪ್ಪಣೆಯಿತ್ತು, ಅದು ಕೆಡುತ್ತಲೂ ಇರಲಿಲ್ಲ. ಆದ್ದರಿಂದ ಕೂಡಿಡುವುದೇ ಪಾಪವಲ್ಲ. ನಮ್ಮ ನಾಳೆಗಾಗಿ ಇನ್ನೊಬ್ಬರ ಇವತ್ತನ್ನು ಹಿಡಿದಿಟ್ಟುಕೊಳ್ಳುವುದು ಪಾಪ. ಮಗಳ ಮದುವೆಗೆಂದು ಕೂಡಿಡುವಾಗ ತೋಟದ ಆಳಿನ ಬಾಕಿ ಉಳಿದಿದ್ದರೆ, ಹುಳ ಬೀಳುವುದು ಆ ಗಂಟಿಗೇ.

ಪ್ರೀತಿಯನ್ನೂ ನಾವು ಹೀಗೆಯೇ ನಾಳೆಗೆ ತಳ್ಳಿದ್ದೇವೆ. ಮನಸ್ಸು ಕರಗಲಿ, ಆಮೇಲೆ ಕ್ಷಮಿಸೋಣ. ಕೈ ತುಂಬಲಿ, ಆಮೇಲೆ ಕೊಡೋಣ. ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಅವನು ಗಾಯಕ್ಕೆ ಎಣ್ಣೆ ದ್ರಾಕ್ಷಾರಸ ಹೊಯ್ದು ಕಟ್ಟಿದ, ತನ್ನ ಪಶುವಿನ ಮೇಲೆ ಹತ್ತಿಸಿದ, ಛತ್ರದವನಿಗೆ ಹಣ ಕೊಟ್ಟ, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆಂದ. ಕನಿಕರಪಟ್ಟ ಎಂಬುದಕ್ಕೆ ಒಂದೇ ಮಾತು ಸಾಕಾಯಿತು. ಉಳಿದದ್ದೆಲ್ಲ ಅವನ ಕೈ ಮಾಡಿದ ಕೆಲಸ. ಗಾಯಗೊಂಡವನ ಮತ ಯಾವುದು ಎಂದು ಅವನು ಕೇಳಿದ್ದಾಗಿ ಲೂಕನು ಬರೆದಿಲ್ಲ.

ಸಭಾಪಾಲಕರಲ್ಲಿ ನನ್ನದೊಂದು ಬಿನ್ನಹ. ವಾಗ್ದಾನದ ಚೀಟಿಗಳನ್ನು ನಿಲ್ಲಿಸಬೇಡಿ. ಅವುಗಳ ಜೊತೆಗೆ ಆಜ್ಞೆಯ ಚೀಟಿಗಳನ್ನೂ ತಟ್ಟೆಗೆ ಹಾಕಿ. ಒಬ್ಬನಿಗೆ ಕೂಲಿ ಸಲ್ಲಿಸು ಎಂದು ಬರಲಿ, ಇನ್ನೊಬ್ಬನಿಗೆ ಅಣ್ಣನೊಡನೆ ರಾಜಿಯಾಗು ಎಂದು ಬರಲಿ, ಮತ್ತೊಬ್ಬನಿಗೆ ಪರದೇಶಿಯನ್ನು ಮನೆಗೆ ಸೇರಿಸಿಕೋ ಎಂದು ಬರಲಿ. ಓದಿದವರ ಮುಖ ಸ್ವಲ್ಪ ಬಾಡಬಹುದು. ಬಾಡಲಿ. ಜನವರಿ ಒಂದರ ಸಂಜೆಯೊಳಗೆ ಊರಿನಲ್ಲಿ ಹತ್ತು ಜನರ ಹಳೆಯ ಬಾಕಿ ತೀರಿದರೆ, ಆ ಹತ್ತು ಮನೆಗಳಲ್ಲಿ ಒಲೆ ಹೊತ್ತುತ್ತದೆ.